ವಲ್ಲಿ ಕೆಳಗಿನ ದರ

ಬ್ಯಾಡಗಿಯಲ್ಲಿ ಕಂಪ್ಯೂಟರಿಗೂ ಸೀನು ಬರುತ್ತದೆ.
ಕೀಲಿಮಣೆಯ ಸಂದಿಗಳಲ್ಲಿ ಕೆಂಪು ಪುಡಿ,
ಫ್ಯಾನಿನ ರೆಕ್ಕೆಗೆ ಕೆಂಪು,
ನನ್ನ ಮೂಗುತಿಯ ಹಿಂದೆಯೂ ಒಂದಿಷ್ಟು.
ಬಣಕಾರ ದಲಾಲಿ ಅಂಗಡಿಯ ಮಾಳಿಗೆ,
ಸೋಮವಾರ, ಸಂಜೆ ಏಳೂವರೆ.

ಪಟ್ಟಿಗಳೆಲ್ಲ ಸೊನ್ನೆ ಬರುತ್ತಿವೆ.
ತೂಕ ಇದೆ, ಚೀಲದ ಲೆಕ್ಕ ಇದೆ,
ಹೆಸರು, ಊರು, ಹಮಾಲಿ ಎಲ್ಲ ಇದೆ,
ಕೊನೆಯ ಮನೆಯಲ್ಲಿ ಮಾತ್ರ ದುಂಡಗೆ
ಕೋಳಿ ತತ್ತಿ.

ದರ ಬರೆದಿದ್ದೇನೆ, ಕಡತದ ಮೊದಲ ಸಾಲಿಗೇ.
ಡಾಲರ್ ಗುರುತು ಹಚ್ಚಿಕೊಂಡು ನಿಂತಿದೆ
ನಮ್ಮ ರೂಪಾಯಿಯ ದರ.
ಹೊರಗೆ ಕೇಳಿದರೆ ಥಟ್ಟನೆ ಹೇಳುತ್ತದೆ,
ಮೂವತ್ತೆಂಟು ಸಾವಿರದ ಇನ್ನೂರು.
ಫಂಕ್ಷನ್ನಿನ ಬಾಗಿದ ಆವರಣ ದಾಟಿ
ಒಳಗೆ ಹೋಗಿ ಕೇಳಿದರೆ
ಯಾವ ದರ? ಯಾರ ದರ?
ಅದೇ ಹೆಸರು, ಅದೇ ಡಾಲರ್ ಗುರುತು,
ಒಳಗೆ ಖಾಲಿ ಸೇರು.

ನಾನು ಮೊದಲು ಕಲಿತ ಭಾಷೆ ಹಾಗಿರಲಿಲ್ಲ.
ಅದು ಕಿಟಕಿ ಇದ್ದ ಮನೆ,
ಒಳಗೆ ಕೂತವರಿಗೆ ಬೀದಿ ಕಾಣುತ್ತಿತ್ತು.
ಈ ಪಿಎಚ್‌ಪಿ ಕಿಟಕಿ ಇಡಲಿಲ್ಲ.

ಹುಲಗೂರ ಖಾಜಾಸಾಬ ಚಹಾ ತಂದ,
ಹಿಂದೆ ದನದ ಸಂತೆಯಲ್ಲಿ ದಲಾಲಿ,
ಈಗ ನಮ್ಮ ಹಮಾಲರ ಮೇಸ್ತ್ರಿ.
‘ಯಾಕವಾ, ಮಾರಿ ಸಣ್ಣ ಮಾಡೀ?’
‘ಹೊರಗಿಟ್ಟ ದರ ಒಳಗ ಕಾಣವಲ್ದು ಕಾಕಾ.’
ನಕ್ಕ. ಹೆಗಲ ಮೇಲಿನ ವಲ್ಲಿ ತೆಗೆದು
ನನ್ನ ಕೈಗೂ ತನ್ನ ಕೈಗೂ ಮುಚ್ಚಿ
ನನ್ನ ಎರಡು ಬೆರಳು ಒತ್ತಿದ.
‘ಎಷ್ಟು ಹೇಳು?’
‘ಎರಡು.’
‘ನೂರೋ, ಸಾವಿರೋ?
ಅದು ವಲ್ಲಿ ಒಳಗಿನಾವ್ರಿಗೆ ಗೊತ್ತು.
ಸಂತ್ಯಾಗ ನೂರು ಜೋಡಿ ಎತ್ತು, ನೂರು ವಲ್ಲಿ,
ಎಲ್ಲಾ ವಲ್ಲಿ ಕೆಳಗೂ ಐದ ಬೆರಳು,
ರೇಟು ಬ್ಯಾರೆ ಬ್ಯಾರೆ.
ಒಂದರಾಗ ಒಂದು ಕೂಡಿದ್ರ ಹೊಡದಾಟ.’

ವಲ್ಲಿ ಎಳೆದುಕೊಂಡ.
ನನ್ನ ಎರಡು ಬೆರಳು ಹಾಗೇ ಇದ್ದವು,
ಏನನ್ನೂ ಹೇಳದೆ.

ಕೆಳಗೆ ಜನ, ಸಾವಕಾರರ ಕೆಮ್ಮು.
ಫಂಕ್ಷನ್ನಿನ ನೆತ್ತಿಗೆ ಬರೆದೆ:
ಗ್ಲೋಬಲ್, ಅದರ ಮುಂದೆ ದರದ ಹೆಸರು.
ಕದ ತೆರೆಯಿತು.
ಪ್ರಿಂಟರು ಟರ್ರನೆ ಓಡಿತು.
ಅವತ್ತು ರಾತ್ರಿ ನಾನೇ ಜಾಣೆ.

ಗುರುವಾರ ಸಿಕ್ಕಿಬಿದ್ದೆ.
ಹಸಿ ಮಾಲಿಗೆ ಕಡಿತ ಹಾಕುವ ಫಂಕ್ಷನ್ನಿಗೂ
ಅದೇ ಕದ ತೆರೆದುಕೊಟ್ಟಿದ್ದೆ.
ಹದಿನೇಳನೇ ಲಾಟಿನಲ್ಲಿ ತೇವ ಇತ್ತು.
ಒಳಬಂದದ್ದು ದರವನ್ನೇ ಏಳುನೂರು ಇಳಿಸಿ
ಕೈ ಒರೆಸಿಕೊಂಡು ಹೋಯಿತು.
ಹದಿನೆಂಟರಿಂದ ಮುಂದೆ
ಒಣ ಮಾಲೆಲ್ಲ ಹಸಿ ದರಕ್ಕೆ.
ಎಚ್ಚರಿಕೆಯ ಒಂದು ಸಾಲೂ ಮೂಡಲಿಲ್ಲ.
ಸೊನ್ನೆ ಕೂಗುತ್ತದೆ,
ಏಳುನೂರು ಕೂಗುವುದಿಲ್ಲ.

ಹಿಡಿದವಳು ಕದರಮಂಡಲಗಿಯ ಗಿರಿಜವ್ವ ತಳವಾರ.
ಪಟ್ಟಿಯ ಹಿಂಬದಿಗೆ ಬಾಲ್‌ಪೆನ್ನಿನಲ್ಲಿ ಗುಣಿಸಿ,
ಮಾಳಿಗೆ ಹತ್ತಿ ಬಂದು,
ಉಡಿಯಿಂದ ಒಂದು ಕಾಯಿ ತೆಗೆದು
ನನ್ನ ಕಿವಿಯ ಹತ್ತಿರ ಅಲುಗಿಸಿದಳು.
ಬೀಜ ಗಿಲಿಗಿಲಿ.
‘ಯಾರ ಹಸಿ ತಂದು ನನಗ ಹಚ್ಚೀ?’

ಅಳಿಸಿದೆ, ಎರಡೂ ಕಡೆ.
ಈಗ ಫಂಕ್ಷನ್ನಿನ ಹೆಸರಿಗೆ ಎರಡು ಕಂಸ,
ಅದರೊಳಗೆ ದರ, ಕೈಯಿಂದ ಕೈಗೆ.
ಒಳಹೋಗುವುದು ನಕಲು.
ಅದನ್ನು ತೋಯಿಸು, ಒಣಗಿಸು,
ಅಸಲು ಮೇಲಿನ ಸಾಲಿನಲ್ಲಿ ಬೆಚ್ಚಗಿರುತ್ತದೆ.
ಹೇಳುವುದಿದ್ದರೆ ಬಾಯಿಬಿಟ್ಟು
ಹಿಂದಿರುಗಿಸಿ ಹೋಗು.

ಇಪ್ಪತ್ತಮೂರು ಪಟ್ಟಿ ಮತ್ತೆ ತೆಗೆದೆ.
ಎಂಟು ಜನ ಆಗಲೇ ಬಸ್ಸು ಹತ್ತಿದ್ದರು.
ಸಾವಕಾರರು ಮಾತಾಡಲಿಲ್ಲ,
ಫೋನನ್ನು ನನ್ನ ಕಡೆ ಸರಿಸಿದರು.

‘ಯಾರು?’
‘ನಾನ್ರಿ, ಕಸ್ತೂರಿ.’
‘ಯಾವ ಕಸ್ತೂರಿ?’

ಗದ್ದಲ, ಹಾರ್ನು, ಯಾರದೋ ಕೂಸಿನ ಅಳು.
ಮೊದಲಿಂದ ಶುರು ಮಾಡಿದೆ:
ಬ್ಯಾಡಗಿ ಪ್ಯಾಟಿ,
ಬಣಕಾರ ಅಂಗಡಿ,
ಮಾಳಿಗಿ ಮ್ಯಾಲೆ
ಕಂಪ್ಯೂಟರ್ ಮುಂದ ಕುಂದರ್ತೀನಲ್ರಿ,
ಆ ಕಸ್ತೂರಿ.